ಮಕ್ಕಳೊಂದಿಗೆ ಡೈನೋಸಾರ್ ನೋಡಲು ಹೊರಟವರಿಗೆ: ಪಿ.ಜೆ. ಬಡಾವಣೆಯಿಂದ ಹದಿನಾಲ್ಕು ಸೂತ್ರಗಳು

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಐದಾರು ವರ್ಷದ ಮಗು ಇರುವ ಮನೆಗೆ ಹೋಗಿ ನೋಡಿ. ನೆಂಟರ ಹೆಸರು ತಡವರಿಸುವ ಮಗು ಟೈರನೋಸಾರಸ್, ಟ್ರೈಸೆರಟಾಪ್ಸ್ ಎಂದು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತದೆ. ಅಂಥ ಮಗುವಿಗೆ ಒಂದು ಸಲ ಡೈನೋಸಾರ್ ತೋರಿಸಿಕೊಂಡು ಬರೋಣ ಎಂದುಕೊಂಡ ದಾವಣಗೆರೆ, ಹರಿಹರದವರಿಗೆ ಅನುಕೂಲದ ಜಾಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ. ಅಲ್ಲಿ ಒಂದು ದೊಡ್ಡ ಸ್ಪೈನೋಸಾರಸ್ ಇದೆ. ತಲೆ ಆಡಿಸುತ್ತದೆ, ಬಾಯಿ ತೆರೆಯುತ್ತದೆ, ಗುಡುಗುತ್ತದೆ.

ಹೋಗಿ ಬಂದ ಮೇಲೆ ಮಗು ಹೊಸದೊಂದು ಪ್ರಶ್ನೆ ಕೇಳಿದರೆ ಪ್ರವಾಸ ಗೆದ್ದಿತು ಎಂದೇ ನನ್ನ ಲೆಕ್ಕ. ಕೆಳಗಿನ ಸೂತ್ರಗಳೆಲ್ಲ ಆ ಒಂದು ಪ್ರಶ್ನೆಗಾಗಿ.

1. ಹೊರಡುವ ಮೊದಲು ಮನೆ ಮುಂದೆ ಅಳೆಯಿರಿ

ಸ್ಪೈನೋಸಾರಸ್ ಸುಮಾರು 14 ಮೀಟರ್ ಉದ್ದ ಎಂದು ಪುಸ್ತಕದಲ್ಲಿ ಓದಿದರೆ ಮಗುವಿಗೂ ತಿಳಿಯದು, ನಮಗೂ ತಿಳಿಯದು. ಭಾನುವಾರ ಬೆಳಗ್ಗೆ ವಾಹನ ಓಡಾಡದ ಹೊತ್ತಿನಲ್ಲಿ 14 ಮೀಟರ್ ಹಗ್ಗ ತೆಗೆದುಕೊಂಡು ಒಂದು ತುದಿಯನ್ನು ಗೇಟಿನ ಹತ್ತಿರ ಮಗುವಿಗೆ ಹಿಡಿಸಿ. ಇನ್ನೊಂದು ತುದಿ ಹಿಡಿದು ನೀವು ರಸ್ತೆಯುದ್ದಕ್ಕೂ ನಡೆಯಿರಿ. 14 ಮೀಟರ್ ಎಂದರೆ 46 ಅಡಿ. ನಮ್ಮ ಮೂವತ್ತು-ನಲವತ್ತರ ಸೈಟಿನಲ್ಲಿ ಆ ಪ್ರಾಣಿಯನ್ನು ಉದ್ದಕ್ಕೆ ಮಲಗಿಸಿದರೂ ಬಾಲ ಪಕ್ಕದವರ ಕಾಂಪೌಂಡಿನೊಳಗೆ ಹೋಗುತ್ತದೆ. ಹಗ್ಗದ ಗುಂಟ ರಂಗೋಲಿ ಪುಡಿಯಲ್ಲಿ ಗೆರೆ ಎಳೆದು, ತಲೆ ಎಲ್ಲಿ, ಕಾಲು ಎಲ್ಲಿ, ಬಾಲ ಎಲ್ಲಿ ಎಂದು ಮಗುವೇ ಬರೆಯಲಿ. ಬೀದಿಯ ಉಳಿದ ಮಕ್ಕಳು ತಾವಾಗಿಯೇ ಬಂದು ಸೇರುತ್ತಾರೆ, ಕರೆಯಬೇಕಾಗಿಲ್ಲ.

ಈ ಅಳತೆ ಕಣ್ಣಿಗೆ ಒಮ್ಮೆ ಬಿದ್ದಿದ್ದರೆ, ಮ್ಯೂಸಿಯಂನಲ್ಲಿ ಮಾದರಿಯ ಮುಂದೆ ನಿಂತಾಗ ಮಗು ತಾನೇ ಹೋಲಿಸುತ್ತದೆ. "ನಾವು ಬರೆದದ್ದಕ್ಕಿಂತ ಇದು ಚಿಕ್ಕದೋ ದೊಡ್ಡದೋ?" ಎಂಬ ಮಾತು ಬಂದರೆ ಅದೇ ಮೊದಲ ಪ್ರಶ್ನೆ.

2. ಒಂದೇ ಪ್ರಾಣಿಯ ಕಥೆ ತಿಳಿದುಕೊಂಡು ಹೋಗಿ

ನೂರು ಹೆಸರು ಬಾಯಿಪಾಠ ಮಾಡಿಸುವುದು ಬೇಡ. ಒಂದು ಕಥೆ ಸಾಕು, ಅದೂ ಸ್ಪೈನೋಸಾರಸ್‌ನದ್ದೇ ಇರಲಿ. ಅದಕ್ಕಿಂತ ಒಳ್ಳೆಯ ಕಥೆ ಡೈನೋಸಾರ್ ಲೋಕದಲ್ಲಿ ನನಗೆ ಕಂಡಿಲ್ಲ.

ಈಜಿಪ್ಟಿನ ಮರುಭೂಮಿಯಲ್ಲಿ ಸಿಕ್ಕ ಮೂಳೆಗಳನ್ನು ನೋಡಿ ಜರ್ಮನಿಯ ಅರ್ನ್‌ಸ್ಟ್ ಸ್ಟ್ರೋಮರ್ 1915ರಲ್ಲಿ ಇದಕ್ಕೆ ಹೆಸರಿಟ್ಟರು. ಬೆನ್ನೆಲುಬಿನಿಂದ ಮೇಲೆದ್ದ ಒಂದೊಂದು ಮುಳ್ಳೆಲುಬು ಒಂದೂವರೆ ಮೀಟರಿಗಿಂತ ಎತ್ತರ. ಅವನ್ನೆಲ್ಲ ಸೇರಿಸಿ ಚರ್ಮ ಹೊದಿಸಿದಂತೆ ಬೆನ್ನ ಮೇಲೊಂದು ಹಾಯಿ. ಮೂಳೆಗಳನ್ನು ಮ್ಯೂನಿಕ್ ನಗರದ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದರು. ಎರಡನೇ ಮಹಾಯುದ್ಧ ಬಂತು. ಸಂಗ್ರಹವನ್ನು ಬೇರೆ ಕಡೆ ಸಾಗಿಸಿ ಎಂದು ಸ್ಟ್ರೋಮರ್ ಎಷ್ಟು ಕೇಳಿಕೊಂಡರೂ ಆಗಲಿಲ್ಲ. 1944ರ ಏಪ್ರಿಲ್‌ನ ಒಂದು ರಾತ್ರಿ ಬಾಂಬ್ ದಾಳಿಯಲ್ಲಿ ಎಲ್ಲವೂ ಸುಟ್ಟುಹೋಯಿತು. ಉಳಿದದ್ದು ಅವರ ಚಿತ್ರಗಳು, ಟಿಪ್ಪಣಿಗಳು, ಕೆಲವು ಫೋಟೋಗಳು ಮಾತ್ರ. ಎಪ್ಪತ್ತು ವರ್ಷ ಕಳೆದ ಮೇಲೆ, ಮೊರಾಕ್ಕೊದಲ್ಲಿ ಸಿಕ್ಕ ಇನ್ನೊಂದು ಅಸ್ಥಿಪಂಜರದ ವಿವರವನ್ನು ನಿಜಾರ್ ಇಬ್ರಾಹಿಂ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದರು. 2020ರಲ್ಲಿ ಅದರ ಬಾಲದ ವಿವರ ಬಂತು: ಚಪ್ಪಟೆಯಾದ, ಹುಟ್ಟಿನಂಥ ಬಾಲ. ಈ ಪ್ರಾಣಿ ನೀರಿನಲ್ಲಿ ಈಜುತ್ತಿತ್ತೋ, ದಡದಲ್ಲಿ ನಿಂತು ಮೀನು ಹಿಡಿಯುತ್ತಿತ್ತೋ ಎಂದು ವಿಜ್ಞಾನಿಗಳು ಈಗಲೂ ವಾದಿಸುತ್ತಿದ್ದಾರೆ.

ಕಳೆದುಹೋದದ್ದು ಮತ್ತೆ ಸಿಕ್ಕಿತು ಎನ್ನುವ ಕಥೆ ಮಕ್ಕಳಿಗೆ ಬಹಳ ಹಿಡಿಸುತ್ತದೆ. ರಾತ್ರಿ ಮಲಗುವ ಹೊತ್ತಿಗೆ ಹೇಳಿ.

3. ಕುಂದುವಾಡ ಕೆರೆಗೆ ಒಮ್ಮೆ ಹೋಗಿ ಬನ್ನಿ

ಹಕ್ಕಿಗಳು ಡೈನೋಸಾರ್ ವಂಶದವೇ. ಇದನ್ನು ವಿಜ್ಞಾನಿಗಳು ಈಗ ಅನುಮಾನವಿಲ್ಲದೆ ಹೇಳುತ್ತಾರೆ. ಆದ್ದರಿಂದ ನಿಜವಾದ, ಜೀವಂತ ಡೈನೋಸಾರ್ ನೋಡಲು ಬೆಂಗಳೂರಿಗೇ ಹೋಗಬೇಕಿಲ್ಲ. ಬೆಳಗ್ಗೆ ಕುಂದುವಾಡ ಕೆರೆಯ ಏರಿ ಮೇಲೆ ನಿಂತು ಒಂದು ಕೊಕ್ಕರೆಯನ್ನು ಹತ್ತು ನಿಮಿಷ ನೋಡಲಿ. ನೀರಿನಂಚಿನಲ್ಲಿ ಅಲ್ಲಾಡದೆ ನಿಲ್ಲುವುದು, ಕುತ್ತಿಗೆ ಹಿಂದಕ್ಕೆಳೆದುಕೊಳ್ಳುವುದು, ತಟಕ್ಕನೆ ಕೊಕ್ಕು ಹಾಕುವುದು. ಸ್ಪೈನೋಸಾರಸ್ ಕೂಡ ಹೀಗೇ ಬೇಟೆಯಾಡುತ್ತಿತ್ತು ಎಂದು ಹೇಳುವ ತಜ್ಞರಿದ್ದಾರೆ. ಕೋಳಿ ಸಾಕಿದವರ ಮನೆ ಹತ್ತಿರವಿದ್ದರೆ ಕೋಳಿಯ ಕಾಲು ತೋರಿಸಿ: ಮುಂದಕ್ಕೆ ಮೂರು ಬೆರಳು, ಹುರುಪೆ ಹುರುಪೆಯ ಚರ್ಮ, ಉಗುರು. ಮ್ಯೂಸಿಯಂನ ಮಾದರಿಯ ಪಾದದ ಹತ್ತಿರ ಆ ಮಗು ಬಗ್ಗಿ ನೋಡುವುದು ಖಂಡಿತ.

4. ಒಂದೇ ದಿನದಲ್ಲಿ ಹೋಗಿ ಬರುವ ಹಠ ಬೇಡ

ರಸ್ತೆಯಲ್ಲಿ ಬೆಂಗಳೂರು ಸುಮಾರು 260 ಕಿಲೋಮೀಟರ್. ಬೆಳಗಿನ ಜಾವ ಮಗುವನ್ನು ಎಬ್ಬಿಸಿ, ಹೋಗಿ, ನೋಡಿ, ರಾತ್ರಿ ವಾಪಸಾದರೆ ಮಗುವಿಗೆ ನೆನಪುಳಿಯುವುದು ವಾಂತಿ ಮತ್ತು ನಿದ್ದೆ. ಶನಿವಾರ ಹೊರಡಿ. ವಂದೇ ಭಾರತ್, ಜನಶತಾಬ್ದಿ, ಇಂಟರ್‌ಸಿಟಿ ಎಲ್ಲವೂ ದಾವಣಗೆರೆಯಲ್ಲಿ ನಿಲ್ಲುತ್ತವೆ. ರಾತ್ರಿ ಚಿಕ್ಕಮ್ಮನ ಮನೆಯೋ ಅತ್ತೆ ಮನೆಯೋ ಇದ್ದೇ ಇರುತ್ತದೆ. ದಾವಣಗೆರೆಯ ಯಾವ ಕುಟುಂಬಕ್ಕೆ ಬೆಂಗಳೂರಿನಲ್ಲಿ ನೆಂಟರಿಲ್ಲ! ಭಾನುವಾರ ಬೆಳಗ್ಗೆ ಮ್ಯೂಸಿಯಂ, ಮಧ್ಯಾಹ್ನದ ಮೇಲೆ ವಾಪಸು ರೈಲು.

ರೈಲಿನಲ್ಲಿ ಬಂದವರಿಗೆ ಮೆಟ್ರೋ ಸುಲಭ. ನೇರಳೆ ಮಾರ್ಗದಲ್ಲಿ ವೈಟ್‌ಫೀಲ್ಡ್ ಕಡೆಯ ಗಾಡಿ ಹತ್ತಿ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿಯಿರಿ, ಅಲ್ಲಿಂದ ಆಟೋ ಹಿಡಿಯಿರಿ. ಮೆಟ್ರೋ ಕಾಣದ ಮಗುವಿಗೆ ಅದೂ ಒಂದು ಹಬ್ಬ.

5. ಬುತ್ತಿ ಕಟ್ಟಿಕೊಳ್ಳಿ

ಚಪಾತಿ, ಒಣ ಪಲ್ಯ, ಶೇಂಗಾ ಚಟ್ನಿಪುಡಿ, ಒಂದು ಡಬ್ಬಿ ಒಗ್ಗರಣೆ ಮಂಡಕ್ಕಿ. ಹಸಿದ ಮಗುವಿಗೆ ಯಾವ ಡೈನೋಸಾರೂ ಬೇಡ. ಮಿರ್ಚಿ ಮಾತ್ರ ಮನೆಯಲ್ಲೇ ಬಿಟ್ಟು ಬನ್ನಿ, ಪ್ರಯಾಣದಲ್ಲಿ ಹೊಟ್ಟೆ ಕೆಟ್ಟರೆ ಕಷ್ಟ.

6. ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಿ

ಈ ಮ್ಯೂಸಿಯಂ ದೀಪಾವಳಿ, ಗಣೇಶ ಚತುರ್ಥಿಯಂಥ ಹಬ್ಬ ಬಿಟ್ಟರೆ ಉಳಿದ ದಿನಗಳಲ್ಲಿ ತೆರೆದಿರುತ್ತದೆ. ಹೊರಡುವ ಹಿಂದಿನ ದಿನ ಸಮಯ, ಟಿಕೆಟ್ ದರ ಒಮ್ಮೆ ಖಚಿತ ಮಾಡಿಕೊಳ್ಳಿ. ನವೆಂಬರ್‌ನಿಂದ ಜನವರಿವರೆಗೆ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟಿ ಬರುತ್ತವೆ. ಆಗ ವಾರದ ನಡುವೆ ಹೋದರೆ ದೊಡ್ಡ ಮಕ್ಕಳ ಬೆನ್ನು ಬಿಟ್ಟರೆ ಪುಟ್ಟವರಿಗೆ ಏನೂ ಕಾಣದು. ಮೊದಲ ಒಂದು ಗಂಟೆ ಜನ ಕಡಿಮೆ, ಮಗುವಿನ ಉತ್ಸಾಹವೂ ತಾಜಾ. ಬೇರೆಲ್ಲೂ ನಿಲ್ಲದೆ ಮೊದಲು ಡೈನೋಸಾರ್ ನೋಡಿ. ಕೊನೆಗೆ ತೋರಿಸುತ್ತೇನೆ ಎಂದು ಆಸೆ ಹುಟ್ಟಿಸಿ ಎಳೆದಾಡಿದರೆ ನಡುವಿನ ಯಾವುದನ್ನೂ ಮಗು ನೋಡುವುದಿಲ್ಲ.

7. ಹೆದರಿದ ಮಗುವನ್ನು ಹತ್ತಿರ ಎಳೆಯಬೇಡಿ

ಇದು ಎಲ್ಲಕ್ಕಿಂತ ಮುಖ್ಯವಾದ ಸೂತ್ರ. ಮನೆಯಲ್ಲಿ ದಿನವಿಡೀ ಡೈನೋಸಾರ್ ಆಗಿ ಕೂಗುವ ಮಗು ನಿಜವಾದ ಗಾತ್ರದ ಯಂತ್ರ ತಲೆ ತಿರುಗಿಸಿ ಗುಡುಗಿದ ಕೂಡಲೇ ಅಜ್ಜಿಯ ಸೆರಗಿನೊಳಗೆ ಸೇರಿಕೊಳ್ಳುತ್ತದೆ. ಆಗ ಅಪ್ಪಂದಿರು ಮಾಡುವ ಕೆಲಸವೇನು? "ಏ, ಗೊಂಬೆ ಕಣೋ, ಹೆದರ್ತೀಯಲ್ಲ!" ಎಂದು ಎತ್ತಿಕೊಂಡು ಹೋಗಿ ಅದರ ಬಾಯಿ ಮುಂದೆಯೇ ನಿಲ್ಲಿಸಿ ಫೋಟೋ ತೆಗೆಯುವುದು. ದಯವಿಟ್ಟು ಬೇಡ. ಆ ಫೋಟೋದಲ್ಲಿ ಅಳುವ ಮುಖ ಒಂದೇ ಇರುತ್ತದೆ, ಮಗು ಮುಂದೆ ಮ್ಯೂಸಿಯಂ ಹೆಸರೆತ್ತಿದರೆ ಬೇಡ ಎನ್ನುತ್ತದೆ.

ದೂರ ನಿಲ್ಲಿ, ಮಗು ನಿಂತಲ್ಲೇ ನೀವೂ ಕುಕ್ಕರಗಾಲಲ್ಲಿ ಕುಳಿತುಕೊಳ್ಳಿ. ಅದರ ಕಣ್ಣಿನ ಎತ್ತರದಿಂದ ನೋಡಿದರೆ ಆ ತಲೆ ಎಷ್ಟು ಮೇಲಿದೆ ಎಂಬುದು ನಿಮಗೂ ಗೊತ್ತಾಗುತ್ತದೆ. ಆಮೇಲೆ ಯಂತ್ರವನ್ನು ಲೆಕ್ಕ ಹಾಕಲು ಹೇಳಿ. ತಲೆ ಮೊದಲು ಎಡಕ್ಕೋ ಬಲಕ್ಕೋ? ಬಾಯಿ ತೆರೆದ ಮೇಲೆ ಸದ್ದು ಬರುತ್ತದೋ, ಸದ್ದಿನ ಜೊತೆಗೇ ತೆರೆಯುತ್ತದೋ? ಮೂರು ಸಲ ನೋಡುವಷ್ಟರಲ್ಲಿ ಚಲನೆ ಮತ್ತೆ ಮತ್ತೆ ಅದೇ ಬರುತ್ತಿದೆ ಎಂದು ಮಗುವಿಗೆ ತಿಳಿದುಹೋಗುತ್ತದೆ. ಮುಂದೇನಾಗುತ್ತದೆ ಎಂದು ಗೊತ್ತಾದ ಮೇಲೆ ಹೆದರಿಕೆ ತಾನಾಗಿ ಇಳಿಯುತ್ತದೆ. "ಈಗ ಬಾಯಿ ತೆಗೀತದೆ ನೋಡಜ್ಜೀ" ಎಂದು ಅದೇ ಅಜ್ಜಿಗೆ ಹೇಳಿಕೊಡುತ್ತದೆ.

ಗುಡುಗಿನ ಬಗ್ಗೆಯೂ ಒಂದು ಮಾತು. ಡೈನೋಸಾರ್ ಸಿನಿಮಾದಲ್ಲಿ ಕೂಗುವಂತೆ ಕೂಗುತ್ತಿತ್ತು ಎಂಬುದಕ್ಕೆ ಆಧಾರವಿಲ್ಲ. ಅದರ ಹತ್ತಿರದ ಬಂಧುಗಳಾದ ಮೊಸಳೆಗಳು ಬಾಯಿ ಮುಚ್ಚಿಕೊಂಡೇ ಗುಟುರು ಹಾಕುತ್ತವೆ, ಪಾರಿವಾಳಗಳು ಬಾಯಿ ಮುಚ್ಚಿಕೊಂಡೇ ಗುಟುಗುಟು ಎನ್ನುತ್ತವೆ. ಡೈನೋಸಾರ್ ಕೂಡ ಹಾಗೇ ಸದ್ದು ಮಾಡುತ್ತಿದ್ದಿರಬಹುದು ಎಂದು ಕೆಲವು ಸಂಶೋಧಕರು ಹೇಳುತ್ತಾರೆ. ಬಾಯಿ ಮುಚ್ಚಿ ಸದ್ದು ಮಾಡುವ ಡೈನೋಸಾರ್ ಆಟವನ್ನು ರೈಲಿನಲ್ಲಿ ಆಡಿ. ಬೋಗಿಯ ಉಳಿದವರಿಗೂ ನೆಮ್ಮದಿ.

8. ಮೂಳೆಯೋ, ಅಚ್ಚೋ, ಮಾದರಿಯೋ: ನಿಜ ಹೇಳಿ

ಮಕ್ಕಳು ಕೇಳುವ ಮೊದಲ ಪ್ರಶ್ನೆ ಬಹುಪಾಲು ಒಂದೇ: "ಇದು ನಿಜಾನಾ?" ಹೌದು ಎಂದು ತೇಲಿಸಬೇಡಿ. ಮ್ಯೂಸಿಯಂಗಳಲ್ಲಿ ಮೂರು ಬಗೆಯ ಡೈನೋಸಾರ್ ಇರುತ್ತವೆ. ಒಂದು, ಮಣ್ಣಿನಲ್ಲಿ ಹೂತು, ಖನಿಜ ತುಂಬಿ ಕಲ್ಲಾದ ನಿಜವಾದ ಮೂಳೆ, ಅಂದರೆ ಪಳೆಯುಳಿಕೆ. ಎರಡು, ಆ ಮೂಳೆಯಿಂದ ಅಚ್ಚು ತೆಗೆದು ಎರಕ ಹೊಯ್ದದ್ದು. ಮೂರು, ಮೂಳೆಗಳನ್ನು ಓದಿ, ಸ್ನಾಯು ಚರ್ಮ ಹೀಗಿದ್ದಿರಬೇಕು ಎಂದು ಊಹಿಸಿ ಮಾಡಿದ ಮಾದರಿ. ಕಸ್ತೂರಬಾ ರಸ್ತೆಯದ್ದು ಮೂರನೆಯದು. ಒಳಗೆ ಲೋಹದ ಚೌಕಟ್ಟು, ಅದನ್ನು ಆಡಿಸುವ ಯಂತ್ರ, ಮೇಲೆ ಕೃತಕ ಚರ್ಮ.

ಹಾಗೆ ಹೇಳಿದರೆ ಮಗುವಿಗೆ ನಿರಾಸೆಯಾಗುತ್ತದೆ ಎಂದು ದೊಡ್ಡವರು ಅಂಜುತ್ತಾರೆ. ಆಗುವುದಿಲ್ಲ. ಮುಂದಿನ ಪ್ರಶ್ನೆ ಕೂಡಲೇ ಬರುತ್ತದೆ: "ಹಂಗಾದ್ರೆ ಚರ್ಮ ಹಿಂಗಿತ್ತು ಅಂತ ಹೆಂಗೆ ಗೊತ್ತಾತು?" ಇಂಥ ಪ್ರಶ್ನೆ ಹುಟ್ಟುವುದು ನಿಜ ಹೇಳಿದ ಮನೆಯಲ್ಲಿ ಮಾತ್ರ.

9. ಬಣ್ಣದ ಪ್ರಶ್ನೆಗೆ ಸಿದ್ಧರಾಗಿರಿ

"ಅದು ಹಸಿರು ಬಣ್ಣಾನಾ?" ಬಹಳಷ್ಟು ಡೈನೋಸಾರ್‌ಗಳ ಬಣ್ಣ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಆದರೆ ಕೆಲವದ್ದು ಗೊತ್ತು. ಚೀನಾದಲ್ಲಿ 1996ರಲ್ಲಿ ಹೆಸರಿಟ್ಟ ಸೈನೋಸಾರೋಪ್ಟೆರಿಕ್ಸ್ ಎಂಬ ಕೋಳಿ ಗಾತ್ರದ ಡೈನೋಸಾರ್‌ಗೆ ನವಿರಾದ ಗರಿಗಳಿದ್ದವು. ಆ ಗರಿಗಳಲ್ಲಿ ಉಳಿದಿದ್ದ ಬಣ್ಣದ ಕಣಗಳ ಆಕಾರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಬಾಲದಲ್ಲಿ ಕೆಂಗಂದು, ಬಿಳಿ ಪಟ್ಟೆಗಳಿದ್ದವು ಎಂದು 2010ರಲ್ಲಿ ಹೇಳಿದರು. ಉಳಿದ ಪ್ರಶ್ನೆಗಳಿಗೆ "ಗೊತ್ತಿಲ್ಲ ಪುಟ್ಟಾ, ಹುಡುಕೋಣ" ಎನ್ನಿ. ಅಪ್ಪ ಅಮ್ಮನ ಬಾಯಲ್ಲಿ ಈ ಮಾತು ಕೇಳಿದ ಮಗು ತಾನೂ ಧೈರ್ಯವಾಗಿ ಗೊತ್ತಿಲ್ಲ ಎನ್ನಲು ಕಲಿಯುತ್ತದೆ.

10. ಪರೀಕ್ಷೆ ಮಾಡಬೇಡಿ

"ಏನ್ ಬರೆದಿದೆ ಓದು, ಸ್ಪೆಲ್ಲಿಂಗ್ ಹೇಳು" ಎಂಬುದನ್ನು ಶಾಲೆಗೆ ಬಿಡಿ. ಒಂದು ನೋಟ್‌ಪುಸ್ತಕ, ಒಂದು ಪೆನ್ಸಿಲ್ ಕೊಟ್ಟು ಬರೆಯಬೇಕೆನಿಸಿದ್ದನ್ನು ಬರೆಯಲಿ ಎಂದು ಸುಮ್ಮನಿರಿ.

11. ಅಜ್ಜನನ್ನು ಬಿಟ್ಟು ಹೋಗಬೇಡಿ

ಹರಿಹರದ ಮನೆಗಳಿಗೆ ಈ ಮಾತು ಇನ್ನಷ್ಟು ಹೊಂದುತ್ತದೆ. ಅದೇ ಮ್ಯೂಸಿಯಂನಲ್ಲಿ ಎಂಜಿನ್‌ಗಳ ದೊಡ್ಡ ಸಭಾಂಗಣವಿದೆ. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಯಂತ್ರ ಮಾಡಿದ ಕೈಗಳು, ದಾವಣಗೆರೆಯ ಹತ್ತಿ ಗಿರಣಿಗಳಲ್ಲಿ ದುಡಿದ ಕೈಗಳು ನಮ್ಮ ಬಹಳ ಮನೆಗಳಲ್ಲಿ ಈಗ ಮೊಮ್ಮಕ್ಕಳನ್ನು ಆಡಿಸುತ್ತಿವೆ. ಡೈನೋಸಾರ್ ಮುಂದೆ ಅಜ್ಜ, ಮೊಮ್ಮಗ ಇಬ್ಬರೂ ಹೊಸಬರು. ಎಂಜಿನ್ ಮುಂದೆ ಬಂದಾಗ ಅಜ್ಜ ಗುರು. ಗೇರ್ ಹೇಗೆ ಕಚ್ಚುತ್ತದೆ, ಪಿಸ್ಟನ್ ಯಾಕೆ ಮೇಲೆ ಕೆಳಗೆ ಓಡುತ್ತದೆ ಎಂದು ಬೆರಳು ಸುತ್ತಿಸಿ ಹೇಳುವಾಗ ಆ ದನಿಯೇ ಬೇರೆ. ಆಮೇಲೆ ಅಜ್ಜ ಮೊಮ್ಮಗನನ್ನು ಮತ್ತೆ ಸ್ಪೈನೋಸಾರಸ್ ಹತ್ತಿರ ಕರೆದುಕೊಂಡು ಹೋಗಿ, ಈ ಕತ್ತು ತಿರುಗುವುದಕ್ಕೆ ಒಳಗೆ ಏನಿರಬೇಕು ಹೇಳು ಎಂದು ಕೇಳಲಿ.

ಮ್ಯೂಸಿಯಂ ಹೆಸರು ಹೊತ್ತ ಸರ್ ಎಂ. ವಿಶ್ವೇಶ್ವರಯ್ಯನವರು ತೀರಿಕೊಂಡದ್ದು 1962ರ ಏಪ್ರಿಲ್ 14ರಂದು. ಮೂರೇ ತಿಂಗಳಲ್ಲಿ, ಜುಲೈ 14ರಂದು, ಜವಾಹರಲಾಲ್ ನೆಹರೂ ಕಟ್ಟಡವನ್ನು ಉದ್ಘಾಟಿಸಿದರು. ಈ ಮಾತನ್ನೂ ಅಜ್ಜನೇ ಹೇಳಿದರೆ ಚೆನ್ನ.

12. ಎರಡೂವರೆ ಗಂಟೆಯೊಳಗೆ ಹೊರಬನ್ನಿ

ಟಿಕೆಟ್ ಕೊಂಡಿದ್ದೇವೆ, ಎಲ್ಲ ಮಹಡಿ ನೋಡಲೇಬೇಕು ಎಂಬ ಹಟ ಸಲ್ಲ. ಮಗು ಕಾಲೆಳೆಯತೊಡಗಿದರೆ ಮುಗಿಯಿತು. ಪಕ್ಕದಲ್ಲೇ ಕಬ್ಬನ್ ಪಾರ್ಕ್, ಬಾಲಭವನ. ಬುತ್ತಿ ಬಿಚ್ಚಿ, ಓಡಾಡಲು ಬಿಡಿ.

13. "ನಮ್ಮೂರಲ್ಲಿ ಯಾಕಿಲ್ಲ?" ಎಂದಾಗ ಬೀದಿಗೆ ಇಳಿಯಿರಿ

ದಾವಣಗೆರೆಯಲ್ಲಿ ನೆಲ ಅಗೆದರೆ ಡೈನೋಸಾರ್ ಮೂಳೆ ಸಿಗುತ್ತದಾ ಎಂದು ಊರಿಗೆ ಬಂದ ಮೇಲೆ ಮಗು ಕೇಳದೇ ಇರದು. ಸಿಗುವುದಿಲ್ಲ. ನಮ್ಮ ಬಂಡೆಗಳು ಡೈನೋಸಾರ್‌ಗಿಂತ ಎಷ್ಟೋ ಹಿಂದಿನವು. ಇದನ್ನು ಬಾಯಲ್ಲಿ ಹೇಳಿದರೆ ಸಾಲದು, ನಡೆದು ತೋರಿಸಿ.

ರಾಮ್ ಅಂಡ್ ಕೋ ವೃತ್ತದ ಫುಟ್‌ಪಾತ್ ಮೇಲೆ ನಿಲ್ಲಿ. ನಿಂತ ಜಾಗ ಇವತ್ತು. ಒಂದು ಹೆಜ್ಜೆಗೆ ಹತ್ತು ಲಕ್ಷ ವರ್ಷ ಹಿಂದಕ್ಕೆ. ಮನುಷ್ಯ ಕುಲದ ಇಡೀ ಬಾಳು ಸುಮಾರು ಮೂರು ಲಕ್ಷ ವರ್ಷ. ಮೊದಲ ಹೆಜ್ಜೆಯ ಮೂರನೇ ಒಂದು ಭಾಗಕ್ಕೇ ನಾವೆಲ್ಲ ಮುಗಿದೆವು! 66ನೇ ಹೆಜ್ಜೆಗೆ ನಿಲ್ಲಿ. ಮೆಕ್ಸಿಕೊದ ಕರಾವಳಿಗೆ ಸುಮಾರು ಹತ್ತು ಕಿಲೋಮೀಟರ್ ಅಗಲದ ಆಕಾಶಕಾಯ ಅಪ್ಪಳಿಸಿ, ಹಕ್ಕಿಗಳ ಹೊರತು ಡೈನೋಸಾರ್‌ಗಳೆಲ್ಲ ಅಳಿದದ್ದು ಇಲ್ಲಿ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಕಡೆಯ ಕಪ್ಪುಕಲ್ಲು ಲಾವಾ ಆಗಿ ಹರಿದದ್ದೂ ಹೆಚ್ಚುಕಡಿಮೆ ಇದೇ ಹೆಜ್ಜೆಯಲ್ಲಿ. ಗೋಲಗುಮ್ಮಟದ ಗೋಡೆ ಮುಟ್ಟಿ ಬಂದ ಮಗು ಡೈನೋಸಾರ್‌ಗಳ ಕೊನೆಗಾಲದ ಕಲ್ಲನ್ನು ಮುಟ್ಟಿ ಬಂದಿದೆ ಎಂದು ತಿಳಿಸಿ, ಅದರ ಮುಖ ನೋಡಿ.

ಟೈರನೋಸಾರಸ್ 66-68ನೇ ಹೆಜ್ಜೆಯದು. ಸ್ಪೈನೋಸಾರಸ್ ಸುಮಾರು 95. ಬೆನ್ನ ಮೇಲೆ ಫಲಕಗಳ ಸಾಲಿರುವ ಸ್ಟೆಗೋಸಾರಸ್ 150. ಈಗ ಹಿಂತಿರುಗಿ ನೋಡಲು ಹೇಳಿ: ಟೈರನೋಸಾರಸ್‌ಗೆ ಸ್ಟೆಗೋಸಾರಸ್‌ಗಿಂತ ನಾವೇ ಹತ್ತಿರದವರು. ಆಟಿಕೆ ಡಬ್ಬಿಯಲ್ಲಿ ಜಗಳವಾಡುವ ಇವೆರಡೂ ಒಂದನ್ನೊಂದು ಕಂಡದ್ದೇ ಇಲ್ಲ. 230ನೇ ಹೆಜ್ಜೆಯ ಆಸುಪಾಸಿನಲ್ಲಿ ಡೈನೋಸಾರ್ ಕಥೆಯೇ ಶುರುವಾಗುತ್ತದೆ.

ನಮ್ಮ ಸೀಮೆಯ ಬಂಡೆಯ ತನಕ ಹೋಗಬೇಕಾದರೆ 2,500 ಹೆಜ್ಜೆಗೂ ಮಿಕ್ಕಿ ನಡೆಯಬೇಕು. ಅಷ್ಟರಲ್ಲಿ ಬಡಾವಣೆ ಹಿಂದೆ ಬಿದ್ದಿರುತ್ತದೆ, ಮಗು ಹೆಗಲ ಮೇಲಿರುತ್ತದೆ. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ಆ ಕಾಲದ ಲಾವಾ ಇದೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನಡಿಯಲ್ಲಿ ಉಕ್ಕಿ, ಥಟ್ಟನೆ ತಣಿದು, ದಿಂಬುಗಳನ್ನು ಪೇರಿಸಿಟ್ಟಂತೆ ಗಟ್ಟಿಯಾದ ಕಲ್ಲು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿದೆ. ಆಗ ಭೂಮಿಯ ಮೇಲೆ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳ ಹೊರತು ಬೇರೇನೂ ಇರಲಿಲ್ಲ. ಮೂಳೆ ಎಂಬುದೇ ಹುಟ್ಟಿರಲಿಲ್ಲ, ಮತ್ತೆ ಸಿಗುವುದು ಎಲ್ಲಿಂದ? ಕಾರಿನಲ್ಲಿ ಬೆಂಗಳೂರಿಗೆ ಹೋಗುವವರು ಚಿತ್ರದುರ್ಗ ದಾಟಿದ ಮೇಲೆ ದಾರಿ ಕೇಳಿಕೊಂಡು ಒಳಗೆ ಹೊರಳಿ ನೋಡಿಕೊಂಡೇ ಹೋಗಬಹುದು. ದಾವಣಗೆರೆಯಲ್ಲಿ ಡೈನೋಸಾರ್ ಇಲ್ಲ ಎಂದು ಮುಖ ಸಣ್ಣ ಮಾಡಿಕೊಂಡ ಮಗುವಿಗೆ ಈ ದಿಂಬುಕಲ್ಲು ತೋರಿಸುವುದು ದೊಡ್ಡ ಸಮಾಧಾನ.

14. ನಿಜವಾದ ಮೂಳೆ ನೋಡಬೇಕೆಂದರೆ ಮುಂದಿನ ರಜೆಗೆ ಯೋಜನೆ ಹಾಕಿ

ಒಂದೆರಡು ವರ್ಷ ಬಿಟ್ಟು, ಮಗುವಿನ ಆಸಕ್ತಿ ಹಾಗೇ ಉಳಿದಿದ್ದರೆ ಹೈದರಾಬಾದಿನ ಬಿ.ಎಂ. ಬಿರ್ಲಾ ವಿಜ್ಞಾನ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಅಲ್ಲಿ ಕೋಟಾಸಾರಸ್ ಯಾಮನಪಲ್ಲಿಯೆನ್ಸಿಸ್ ಎಂಬ ಸಸ್ಯಾಹಾರಿ ಡೈನೋಸಾರ್‌ನ ಅಸ್ಥಿಪಂಜರವನ್ನು ನಿಲ್ಲಿಸಿದ್ದಾರೆ. ತೆಲಂಗಾಣದ ಹಳೆಯ ಆದಿಲಾಬಾದ್ ಜಿಲ್ಲೆಯ ಯಾಮನಪಲ್ಲಿ ಬಳಿ ಸಿಕ್ಕ ಹಲವು ಪ್ರಾಣಿಗಳ ಮೂಳೆಗಳನ್ನು ಕೂಡಿಸಿ ಕಟ್ಟಿದ್ದು ಅದು. ಪಿ. ಯಾದಗಿರಿ 1988ರಲ್ಲಿ ಅದಕ್ಕೆ ಹೆಸರು ಕೊಟ್ಟರು. ಕೋಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಭೂವಿಜ್ಞಾನ ಸಂಗ್ರಹಾಲಯದಲ್ಲಿ ರವೀಂದ್ರನಾಥ ಟಾಗೋರರ ಹೆಸರು ಹೊತ್ತ ಬರಪಾಸಾರಸ್ ಟಾಗೋರಿ ನಿಂತಿದೆ. ಅದೂ ಗೋದಾವರಿ ಕಣಿವೆಯದ್ದೇ.

ಇನ್ನೂ ದೂರ ಹೋಗುವ ಮನಸ್ಸಿದ್ದರೆ ಗುಜರಾತಿನ ಬಾಲಾಸಿನೋರ್ ಹತ್ತಿರದ ರೈಯೋಲಿ. ನಮ್ಮ ದೇಶದ ಮಾಂಸಾಹಾರಿ ಡೈನೋಸಾರ್ ರಾಜಾಸಾರಸ್ ನರ್ಮದೆನ್ಸಿಸ್‌ನ ಮೂಳೆಗಳು ಸಿಕ್ಕ ಊರು ಅದು, ಹೆಸರು ಬಂದದ್ದು 2003ರಲ್ಲಿ. 2019ರಿಂದ ಅಲ್ಲೊಂದು ಡೈನೋಸಾರ್ ಮ್ಯೂಸಿಯಂ ಇದೆ. ಪಳೆಯುಳಿಕೆ ಉದ್ಯಾನದಲ್ಲಿ ಮೊಟ್ಟೆಗಳು ಬಂಡೆಯೊಳಗೆ ಹಾಗೇ ಹುದುಗಿ ಕುಳಿತಿವೆ. ಮಾದರಿಗೂ ಮೂಳೆಗೂ ವ್ಯತ್ಯಾಸ ತಿಳಿದ ಮಗುವನ್ನೇ ಅಲ್ಲಿಗೆ ಕರೆದುಕೊಂಡು ಹೋಗಬೇಕು, ಬಿಸಿಲು ಕಡಿಮೆ ಇರುವ ಡಿಸೆಂಬರ್, ಜನವರಿಯಲ್ಲಿ.